ಪ್ರೋಟೀನಿಗೆ ಅಂಟಿದ ಸಕ್ಕರೆಯನ್ನು ಜೆಲ್ ಮೇಲೆ ತೋರಿಸಿದ್ದು

ಧಾರವಾಡದಲ್ಲಿ ಎಂ.ಎಸ್ಸಿ. ಬಯೋಕೆಮಿಸ್ಟ್ರಿಗೆ ಪಾಠ ಮಾಡುತ್ತೇನೆ. ಪ್ರೋಟೀನಿಗೆ ಸಕ್ಕರೆ ಸೇರುವ ಬಗೆಯನ್ನು ಬೋರ್ಡ್ ಮೇಲೆ ಬರೆದರೆ ವಿದ್ಯಾರ್ಥಿಗಳು ಸುಮ್ನೆ ಬಾಯಿಪಾಠ ಮಾಡುತ್ತಾರೆ. ಅದಕ್ಕೇ ಜೆಲ್ ಮೇಲೆ, ಅಂದರೆ ಪ್ರೋಟೀನುಗಳನ್ನು ತೂಕದ ಪ್ರಕಾರ ಪಟ್ಟಿಗಳಾಗಿ (ಬ್ಯಾಂಡ್) ಬೇರ್ಪಡಿಸುವ ಪದರದ ಮೇಲೆ, ತೋರಿಸಲು ಶುರು ಮಾಡಿದೆ.

ಮೊಟ್ಟೆಯ ಬಿಳಿಭಾಗ ಎಲ್ಲ ಕಡೆ ಸಿಗುತ್ತದೆ, ನಿಜ. ಆದರೆ ಅದರ ಓವಾಲ್ಬುಮಿನ್ ಎಂಬ ಪ್ರೋಟೀನಿನ ತೂಕ ಸುಮಾರು 45 ಕಿಲೋಡಾಲ್ಟನ್ (ಅಣುತೂಕದ ಅಳತೆ). ಒಂದು ಸಕ್ಕರೆ ಗೊಂಚಲು ಕಳಚಿದರೆ ಬ್ಯಾಂಡ್ ಸರಿದದ್ದು ಅಷ್ಟಾಗಿ ಕಾಣುವುದಿಲ್ಲ. ನಾನು ಆರಿಸಿಕೊಂಡಿದ್ದು ಆರ್‌ಎನ್‌ಎ ಕತ್ತರಿಸುವ ಎಂಜೈಮ್ ಆದ ಆರ್‌ಎನ್‌ಏಸ್ ಬಿ. 124 ಅಮೈನೋ ಆಮ್ಲಗಳ ಪುಟ್ಟ ಸರಪಳಿ, 34ನೇ ಜಾಗದ ಆಸ್ಪರಜಿನ್ ಮೇಲೆ ಒಂದೇ ಗೊಂಚಲು. ಅದೇ ಸರಪಳಿ ಸಕ್ಕರೆ ಇಲ್ಲದೆ ಆರ್‌ಎನ್‌ಏಸ್ ಎ ಹೆಸರಲ್ಲಿ ಸಿಗುತ್ತದೆ. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಕಂಟ್ರೋಲ್ ಬೇಕಾ?

34ನೇ ಜಾಗವೇ ಯಾಕೆ ಅಂದರೆ, ಅಲ್ಲಿ ಆಸ್ಪರಜಿನ್, ಲ್ಯೂಸಿನ್, ಥ್ರಿಯೊನಿನ್ ಸಾಲಾಗಿ ಬರುತ್ತವೆ. ಕೋಶ ಹುಡುಕುವುದು ಇಂಥ ಸಾಲನ್ನೇ: ಮೊದಲು ಆಸ್ಪರಜಿನ್, ಕೊನೆಗೆ ಸೆರಿನ್ ಇಲ್ಲವೇ ಥ್ರಿಯೊನಿನ್. ನಡುವೆ ಪ್ರೋಲಿನ್ ಮಾತ್ರ ಇರಬಾರದು. ಸರಪಳಿ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ (ಕೋಶದಲ್ಲಿ ಪ್ರೋಟೀನು ಮಡಚುವ ಕೋಣೆ) ಒಳಗೆ ಇಳಿಯುತ್ತಿರುವಾಗಲೇ, ಡೊಲಿಕಾಲ್ ಎಂಬ ಕೊಬ್ಬಿನ ಮೇಲೆ ಮೊದಲೇ ಕಟ್ಟಿಟ್ಟ 14 ಸಕ್ಕರೆಗಳ ಗೊಂಚಲನ್ನು ಒಂದು ಎಂಜೈಮ್ ಇಡಿಯಾಗಿ ಎತ್ತಿ ಇಲ್ಲಿ ಕೂರಿಸುತ್ತದೆ. ಸರಪಳಿ ಇನ್ನೂ ಮಡಚಿಕೊಂಡಿರುವುದಿಲ್ಲ. ನಾನು ಒತ್ತಿ ಹೇಳುವುದು ಇದನ್ನೇ.

ಯಾಕಂದರೆ ಸಕ್ಕರೆ ತೆಗೆಯುವಾಗ ನಮಗೂ ಬಿಚ್ಚಿದ ಸರಪಳಿಯೇ ಬೇಕು. ಆರ್‌ಎನ್‌ಏಸ್ ಗಟ್ಟಿ ಪ್ರೋಟೀನು. ನಾಲ್ಕು ಗಂಧಕದ ಸೇತುವೆಗಳು ಅದನ್ನು ಬಿಗಿದಿವೆ, ಸುಮ್ನೆ ಕುದಿಸಿದರೆ ತಣ್ಣಗಾದ ಮೇಲೆ ಮತ್ತೆ ಮಡಚಿಕೊಳ್ಳುತ್ತದೆ. ಹಾಗಾಗಿ ಸರಪಳಿ ಬಿಚ್ಚುವ ಡಿಟರ್ಜೆಂಟ್ ಎಸ್‌ಡಿಎಸ್, ಗಂಧಕದ ಸೇತುವೆ ಮುರಿಯುವ ಡಿಟಿಟಿ ಎರಡನ್ನೂ ಹಾಕಿ 100 ಡಿಗ್ರಿಯಲ್ಲಿ 10 ನಿಮಿಷ ಇಡುತ್ತೇನೆ. ಆರಿದ ಮೇಲೆ ಮೊದಲು ಎನ್‌ಪಿ-40 ಎಂಬ ಸೌಮ್ಯ ಡಿಟರ್ಜೆಂಟ್, ಆಮೇಲೆ ಸಕ್ಕರೆ ಗೊಂಚಲನ್ನು ಕಳಚುವ ಎಂಜೈಮ್ ಪಿಎನ್‌ಜಿಏಸ್ ಎಫ್. ಈ ಕ್ರಮ ತಪ್ಪಬಾರದು. ಎಸ್‌ಡಿಎಸ್ ಈ ಎಂಜೈಮನ್ನೇ ಕೆಡಿಸುತ್ತದೆ, ಎನ್‌ಪಿ-40 ಅದನ್ನು ತಡೆಯುತ್ತದೆ. ನಂತರ 37 ಡಿಗ್ರಿಯಲ್ಲಿ ಒಂದು ಗಂಟೆ.

ಜೆಲ್ ಬಣ್ಣ ತಿರುಗಿದಾಗ 17 ಕಿಲೋಡಾಲ್ಟನ್ ಹತ್ತಿರ ಇದ್ದ ಬ್ಯಾಂಡ್ 14ರ ಹತ್ತಿರ, ಆರ್‌ಎನ್‌ಏಸ್ ಎ ಸಾಲಿಗೇ ಇಳಿದಿರುತ್ತದೆ. 36ರ ಬಳಿ ಕಾಣುವುದು ಹಾಕಿದ ಎಂಜೈಮ್, ಅದನ್ನು ಮೊದಲೇ ಹೇಳಿಬಿಡಿ. ಇನ್ನೊಂದು ಜೆಲ್ಲನ್ನು ಪೀರಿಯಾಡಿಕ್ ಆಮ್ಲ, ಶಿಫ್ ದ್ರಾವಣದಲ್ಲಿ ಅದ್ದಿದರೆ ಸಕ್ಕರೆ ಇರುವ ಬ್ಯಾಂಡ್ ಮಾತ್ರ ಗುಲಾಬಿಯಾಗುತ್ತದೆ. ನನ್ನ ಪ್ರಕಾರ ಎರಡನ್ನೂ ಮಾಡಲೇಬೇಕು. ತೂಕ ಇಳಿದದ್ದು ಸಕ್ಕರೆ ಹೋದದ್ದಕ್ಕೇ ಎಂದು ಆಗ ನಂಬಿಕೆ ಬರುತ್ತದೆ.

ಒಬ್ಬಳು ಹುಡುಗಿ ಕೇಳಿದಳು: "ಸರ್, ಆ 14 ಸಕ್ಕರಿ ಗೊಂಚಲಿನ ತುದಿಗೆ ಮೂರು ಗ್ಲೂಕೋಸ್ ಹಚ್ಚೂದು ಯಾಕ, ಮತ್ತ ತಗಿಯೂದು ಯಾಕ್ರಿ?" ಎಷ್ಟು ಒಳ್ಳೆಯ ಪ್ರಶ್ನೆ ಅಲ್ವಾ! ಗೊಂಚಲು ಪೂರ್ತಿಯಾಗಿದೆ ಎಂದು ಅದನ್ನು ಸರಪಳಿಗೆ ಕೂರಿಸುವ ಎಂಜೈಮಿಗೆ ಗೊತ್ತಾಗುವುದು ಆ ಮೂರರಿಂದ. ಎರಡನ್ನು ಕತ್ತರಿಸಿದ ಮೇಲೆ ಉಳಿದ ಒಂದನ್ನು ಕಾಲ್ನೆಕ್ಸಿನ್ ಎಂಬ ಸಹಾಯಕ ಪ್ರೋಟೀನು ಹಿಡಿದುಕೊಂಡು ಮಡಚಲು ನೆರವಾಗುತ್ತದೆ. ಕೊನೆಯದೂ ಹೋದಾಗ ಪ್ರೋಟೀನು ಸರಿಯಾಗಿ ಮಡಚಿರದಿದ್ದರೆ ಇನ್ನೊಂದು ಎಂಜೈಮ್ ಮತ್ತೆ ಒಂದು ಗ್ಲೂಕೋಸ್ ಹಚ್ಚುತ್ತದೆ, ಕಾಲ್ನೆಕ್ಸಿನ್ ಮತ್ತೆ ಹಿಡಿಯುತ್ತದೆ. ನಮ್ಮ ಬಾಟಲಿಯ ಆರ್‌ಎನ್‌ಏಸ್ ಬಿ ಇದನ್ನೆಲ್ಲ ದಾಟಿ ಬಂದದ್ದು. ಅದರಲ್ಲಿ ಗ್ಲೂಕೋಸ್ ಉಳಿದಿಲ್ಲ, ಐದರಿಂದ ಒಂಬತ್ತು ಮ್ಯಾನೋಸ್ ಸಕ್ಕರೆಗಳಿವೆ. ಈ ಹಚ್ಚಿ ತೆಗೆಯುವ ಕೆಲಸವನ್ನೇ ನೋಡಬೇಕೆಂದರೆ ಬೆಳೆಯುತ್ತಿರುವ ಕೋಶಗಳು ಬೇಕು.