ಗಿಲ್ಮೋರ್ ಅವರ ಕಪ್ಪು ಗಿಟಾರ್: ಗುರುತು ಹಿಡಿಯುವುದು, ಮಾಡಿಕೊಳ್ಳುವುದು ಹೇಗೆ?

ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಅವರ, ಫೆಂಡರ್ ಕಂಪನಿಯ ಕಪ್ಪು ಸ್ಟ್ರಾಟೊಕ್ಯಾಸ್ಟರ್‌ನಂಥದ್ದೇ ಒಂದು ಗಿಟಾರ್ ಬೇಕು ಎಂಬ ಆಸೆ ಹುಟ್ಟಿದಾಗ ನಾನು ಮೊದಲು ಮಾಡಿದ ಕೆಲಸ ಅಂಗಡಿಗೆ ಹೋದದ್ದು. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ತಂದೆ, ಗಿಟಾರಿನ ಮೈಯ ಮುಂಭಾಗಕ್ಕೆ ಹಾಕುವ ಕಪ್ಪು ತಗಡು, ಅಂದರೆ ಪಿಕ್‌ಗಾರ್ಡ್ ತಂದೆ, ಮನೆಯಲ್ಲಿದ್ದ, ಬೆರಳು ಒತ್ತುವ ಪಟ್ಟಿ ಕಂದು ರೋಸ್‌ವುಡ್ ಮರದ್ದಾಗಿದ್ದ ಗಿಟಾರಿಗೆ ಎಲ್ಲವನ್ನೂ ಜೋಡಿಸಿದೆ. ಆಮೇಲೆ ಹಳೆಯ ಫೋಟೊಗಳನ್ನು ಪಕ್ಕದಲ್ಲಿಟ್ಟು ನೋಡಿದರೆ, ನನ್ನ ಕೈಯಲ್ಲಿದ್ದಂಥ ಗಿಟಾರ್ ಅವರ ಕೈಯಲ್ಲಿ ಯಾವ ವರ್ಷವೂ ಇರಲಿಲ್ಲ! ನಾನು ಹಾಕಿದ್ದು 1979ರ ಪಿಕಪ್. ರೋಸ್‌ವುಡ್ ನೆಕ್ (ಗಿಟಾರಿನ ಕುತ್ತಿಗೆ) ಅದಕ್ಕೂ ಮೊದಲೇ ಆ ಗಿಟಾರನ್ನು ಬಿಟ್ಟುಹೋಗಿತ್ತು. ಆದ್ದರಿಂದ ಖರೀದಿಯ ಪಟ್ಟಿ ಆಮೇಲೆ. ಯಾವ ವರ್ಷದ ಗಿಟಾರ್ ಬೇಕು ಎಂಬುದು ಮೊದಲು ತೀರ್ಮಾನವಾಗಬೇಕು.

ಮೊದಲು ಗಿಟಾರಿನ ಜಾತಕ

1970ರ ಮೇ ತಿಂಗಳಲ್ಲಿ ಅಮೆರಿಕ ಪ್ರವಾಸದಲ್ಲಿದ್ದ ಪಿಂಕ್ ಫ್ಲಾಯ್ಡ್ ತಂಡದ ವಾದ್ಯಗಳು ನ್ಯೂ ಆರ್ಲಿಯನ್ಸ್‌ನಲ್ಲಿ ಕಳುವಾದವು. ಕೆಲವೇ ವಾರಗಳ ಹಿಂದೆ ಕೊಂಡಿದ್ದ ಒಂದು ಕಪ್ಪು ಸ್ಟ್ರಾಟ್ (ಸ್ಟ್ರಾಟೊಕ್ಯಾಸ್ಟರ್) ಕೂಡ ಅದರಲ್ಲಿ ಹೋಯಿತು. ಅದರ ಬದಲಿಗೆ ಗಿಲ್ಮೋರ್ ಅವರು ನ್ಯೂಯಾರ್ಕಿನ ಮ್ಯಾನೀಸ್ ಅಂಗಡಿಯಲ್ಲಿ ಕೊಂಡದ್ದೇ ಈ ಗಿಟಾರ್. ಫೆಂಡರ್ ಕಾರ್ಖಾನೆ 1969ರಲ್ಲಿ ತಯಾರಿಸಿದ ಇದರ ಮೂಲ ಬಣ್ಣ ಸನ್‌ಬರ್ಸ್ಟ್, ಅಂದರೆ ನಡುವೆ ಹಳದಿ, ಅಂಚಿಗೆ ಹೋದಂತೆ ಕೆಂಪು, ಕಪ್ಪು. ಅದರ ಮೇಲೆ ಕಪ್ಪು ಬಳಿಯಲಾಗಿತ್ತು.

ಅಲ್ಲಿಂದ ಮುಂದೆ ಗಿಲ್ಮೋರ್ ಇದನ್ನು ಪ್ರಯೋಗಶಾಲೆಯಂತೆ ಬಳಸಿದರು. ಕೊಂಡಾಗ ದೊಡ್ಡ ಹೆಡ್‌ಸ್ಟಾಕ್‌ನ (ಶ್ರುತಿಗೂಟಗಳಿರುವ ತಲೆಯ) ಮೇಪಲ್ ನೆಕ್ ಇತ್ತು, ಬಿಳಿ ಪಿಕ್‌ಗಾರ್ಡ್ ಇತ್ತು. 1972ರಲ್ಲಿ ಚಿಕ್ಕ ಹೆಡ್‌ಸ್ಟಾಕ್‌ನ ರೋಸ್‌ವುಡ್ ನೆಕ್ ಬಂತು. 1974ರಲ್ಲಿ ಪಿಕ್‌ಗಾರ್ಡ್ ಕಪ್ಪಾಯಿತು. 1976ರಲ್ಲಿ ಬ್ರಿಜ್ (ಮೈಯ ಮೇಲೆ ತಂತಿಗಳು ಕೂರುವ ಲೋಹದ ಭಾಗ) ಬಳಿಯ ಪಿಕಪ್ ಬದಲಾಗಿ ಡಿಮಾರ್ಜಿಯೊ ಕಂಪನಿಯ ಎಫ್‌ಎಸ್-1 ಬಂತು. 1978ರಲ್ಲಿ ಚಾರ್ವೆಲ್ ಕಂಪನಿಯ ಮೇಪಲ್ ನೆಕ್, 1979ರಲ್ಲಿ ಸೆಮೂರ್ ಡಂಕನ್ ಪಿಕಪ್ ಬಂದವು. 1980ರ ದಶಕದಲ್ಲಿ ಮರವನ್ನು ಕೊರೆದು ಕಾಹ್ಲರ್ ಕಂಪನಿಯ ಟ್ರೆಮೊಲೊ (ಕಡ್ಡಿ ಒತ್ತಿ ಸ್ವರ ನಡುಗಿಸುವ ಸಾಧನ) ಕೂರಿಸಲಾಯಿತು. ಬಳಿಕ ಗಿಟಾರ್ ಡಲ್ಲಾಸ್‌ನ ಹಾರ್ಡ್ ರಾಕ್ ಕೆಫೆಯ ಪ್ರದರ್ಶನಕ್ಕೆ ಹೋಯಿತು. 1997ರಲ್ಲಿ ಮರಳಿ ಬಂದ ಮೇಲೆ ಕಾಹ್ಲರ್ ತೆಗೆದು, ಕೊರೆದ ಜಾಗಕ್ಕೆ ಮರ ತುಂಬಿ, ಹಳೆಯ ಮಾದರಿಯ ಟ್ರೆಮೊಲೊ ಹಾಕಲಾಯಿತು. 2019ರ ಜೂನ್ 20ರಂದು ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ 39.75 ಲಕ್ಷ ಡಾಲರ್‌ಗೆ ಮಾರಾಟವಾದಾಗ ಅದರಲ್ಲಿದ್ದದ್ದು 1957ರ ಮಾದರಿಯಂತೆ ಫೆಂಡರ್ 1980ರ ದಶಕದಲ್ಲಿ ತಯಾರಿಸಿದ್ದ ಮೇಪಲ್ ನೆಕ್. ಹರಾಜಿನ ಹಣವನ್ನು ಗಿಲ್ಮೋರ್ ಅವರು ಹವಾಮಾನ ಬದಲಾವಣೆಯ ವಿರುದ್ಧ ಕೆಲಸ ಮಾಡುವ ಕ್ಲೈಂಟ್‌ಅರ್ಥ್ ಸಂಸ್ಥೆಗೆ ಕೊಟ್ಟರು.

ಫೋಟೊ ನೋಡುವ ಕ್ರಮ

ಫೋಟೊ ಸಿಕ್ಕರೆ ಮೊದಲು ಅದು ತಿರುಗುಮುರುಗಾಗಿ ಅಚ್ಚಾಗಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಗಿಲ್ಮೋರ್ ಎಡಗೈಯಲ್ಲಿ ಮೀಟುವಂತೆ ಕಂಡರೆ ಚಿತ್ರ ಕನ್ನಡಿಯಂತೆ ತಿರುಗಿದೆ. ಆಮೇಲೆ ಮೇಲಿನಿಂದ ಕೆಳಕ್ಕೆ ಬನ್ನಿ. ಹೆಡ್‌ಸ್ಟಾಕ್ ದೊಡ್ಡದೋ ಚಿಕ್ಕದೋ? ಫ್ರೆಟ್‌ಗಳ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳ) ನಡುವಿನ ಮರ ಬೆಣ್ಣೆಬಣ್ಣದ ಮೇಪಲ್ಲೋ ಕಂದುಬಣ್ಣದ ರೋಸ್‌ವುಡ್ಡೋ? ಪಿಕ್‌ಗಾರ್ಡ್ ಬಿಳಿಯೋ ಕಪ್ಪೋ? ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ವರ್ಷ ಹೆಚ್ಚುಕಡಿಮೆ ಕೈಗೆ ಬಂದಂತೆ. ಕಪ್ಪು ಪಿಕ್‌ಗಾರ್ಡ್ ಜೊತೆಗೆ ಕಂದು ಪಟ್ಟಿ ಕಂಡರೆ ಅದು 1974ರಿಂದ 1978ರೊಳಗಿನ ಚಿತ್ರ.

ಬಣ್ಣ ಎದ್ದಿರುವ ಜಾಗಗಳನ್ನು ಭೂತಗನ್ನಡಿ ಹಿಡಿದು ನೋಡಿ. ಕಪ್ಪು ಬಣ್ಣವೊಂದನ್ನೇ ಬಳಿದ ಗಿಟಾರಿನಲ್ಲಿ ಚಕ್ಕೆ ಎದ್ದರೆ ಕೆಳಗೆ ಬರಿಯ ಮರ ಕಾಣುತ್ತದೆ. ಇಲ್ಲಿ ಹಾಗಲ್ಲ. ಕಪ್ಪಿನ ಅಂಚಿನಲ್ಲಿ ಕೂದಲೆಳೆಯಷ್ಟು ಹಳೆಯ ಸನ್‌ಬರ್ಸ್ಟ್ ಬಣ್ಣ ಇಣುಕಿ, ಅದರಾಚೆ ಮರ. ಎರಡು ಬಣ್ಣದ ಪದರಗಳು ಒಂದರ ಮೇಲೊಂದು ಸವೆದಿರುವುದು ನನಗಂತೂ ಈ ಗಿಟಾರಿನ ಅತಿ ಚೆಂದದ ಭಾಗ.

ಕಿವಿಯನ್ನು ಮಾತ್ರ ಪೂರ್ತಿ ನಂಬಬೇಡಿ. ಪಿಂಕ್ ಫ್ಲಾಯ್ಡ್ ಹಾಡು 'ಅನದರ್ ಬ್ರಿಕ್ ಇನ್ ದ ವಾಲ್' ಎರಡನೇ ಭಾಗದ ಸೋಲೊ (ಒಂಟಿ ಗಿಟಾರ್ ನುಡಿಕೆ) ನುಡಿಸಿದ್ದು 1955ರ ಚಿನ್ನದ ಬಣ್ಣದ ಗಿಬ್ಸನ್ ಲೆಸ್ ಪಾಲ್‌ನಲ್ಲಿ. 'ಮನಿ' ಸೋಲೊದಲ್ಲಿ ಸ್ವರ ತಾರಕಕ್ಕೆ ಏರುವ ಕಡೆ ಬಳಸಿದ್ದು 24 ಫ್ರೆಟ್‌ಗಳ ಲೂಯಿಸ್ ಗಿಟಾರ್. ಆ ನಾದ ನಿಮ್ಮ ಸ್ಟ್ರಾಟ್‌ನಿಂದ ಬರಲಿಲ್ಲವೆಂದು ಪಿಕಪ್ ಮೇಲೆ ಪಿಕಪ್ ಬದಲಿಸುತ್ತಾ ಕೂತರೆ ಹಣ ದಂಡ.

ಕೆಲಸಕ್ಕೆ ಇಳಿಯುವುದು

ನಾನು ಕೊನೆಗೆ ಆರಿಸಿಕೊಂಡದ್ದು 2019ರಲ್ಲಿ ಮಾರಾಟವಾದಾಗಿನ ರೂಪವನ್ನು. ಹೊಸಬರಿಗೆ ಇದೇ ಸುಲಭ, ಏಕೆಂದರೆ ಬೇಕಾದ ಬಿಡಿಭಾಗಗಳೆಲ್ಲ ಇಂದಿಗೂ ಸಿಗುತ್ತವೆ. ಆಲ್ಡರ್ ಮರದ ಮೈ, ಚಿಕ್ಕ ಹೆಡ್‌ಸ್ಟಾಕ್, ಮೇಪಲ್ ನೆಕ್, ಆರು ತಿರುಪಿನ ಟ್ರೆಮೊಲೊ ಇರುವ ಕಪ್ಪು ಸ್ಟ್ರಾಟ್ ಮಾದರಿಯ ಗಿಟಾರನ್ನು ಆಧಾರವಾಗಿ ಇಟ್ಟುಕೊಳ್ಳಿ. ಫೆಂಡರ್ 2008ರಲ್ಲಿ ತಾನೇ ಇದರ ಪ್ರತಿಯನ್ನು ಮಾರುಕಟ್ಟೆಗೆ ತಂದಿತ್ತು, ಅದು ದುಬಾರಿ. ಬೇರೆ ಕಂಪನಿಯ ಗಿಟಾರ್ ಕೊಂಡರೆ ಅದರ ಹೆಸರು ಹಾಗೇ ಇರಲಿ. ಹೆಡ್‌ಸ್ಟಾಕ್ ಮೇಲೆ ಫೆಂಡರ್ ಚೀಟಿ ಅಂಟಿಸಿದರೆ, ಮುಂದೆ ಅದನ್ನು ಕೊಳ್ಳುವವರಿಗೆ ಮೋಸವಾಗುತ್ತದೆ.

ಪಿಕ್‌ಗಾರ್ಡ್ ಒಂದೇ ಪದರದ ಕಪ್ಪು ಅಕ್ರಿಲಿಕ್, ದಪ್ಪ ಸುಮಾರು 3 ಮಿಲಿಮೀಟರ್, 11 ತಿರುಪುಗಳದ್ದು. ಸಾಮಾನ್ಯವಾಗಿ ಸಿಗುವ ಮೂರು ಪದರದ್ದರಲ್ಲಿ ಅಂಚಿಗೆ ಬಿಳಿ ಗೆರೆ ಕಾಣುತ್ತದೆ, ಅದು ಬೇಡ. ನಾಮಫಲಕ ಮಾಡುವವರ ಬಳಿ ಲೇಸರ್ ಯಂತ್ರ ಇರುತ್ತದೆ. ಹಳೆಯ ಪಿಕ್‌ಗಾರ್ಡ್ ಅಳತೆ ಕೊಟ್ಟರೆ ಕತ್ತರಿಸಿ ಕೊಡುತ್ತಾರೆ. ಅಂಚಿನ ಇಳಿಜಾರನ್ನು ಮಾತ್ರ ನೀವೇ ಅರ ಹಾಕಿ ಉಜ್ಜಿ, ಉಪ್ಪುಕಾಗದದಲ್ಲಿ ನಯ ಮಾಡಿಕೊಳ್ಳಬೇಕು. ಪಿಕಪ್ ಮುಚ್ಚಳ ಮತ್ತು ಗುಂಡಿಗಳು ಬಿಳಿಯವೇ ಇರಲಿ.

ಬ್ರಿಜ್ ಬಳಿ ಸೆಮೂರ್ ಡಂಕನ್ ಎಸ್‌ಎಸ್‌ಎಲ್-5 ಪಿಕಪ್ ಹಾಕಿ. ಗಿಲ್ಮೋರ್ ಅವರಿಗೆಂದು ಹೆಚ್ಚು ಸುತ್ತು ಸುತ್ತಿ ಮಾಡಿದ ಪಿಕಪ್‌ನಿಂದಲೇ ಈ ಮಾದರಿ ಹುಟ್ಟಿದ್ದು. ಮಲ್ಟಿಮೀಟರ್ ಹಿಡಿದರೆ ಸುಮಾರು 13 ಕಿಲೋಓಮ್ ವಿದ್ಯುತ್ ರೋಧ ತೋರಿಸುತ್ತದೆ. ಮಾಮೂಲಿ ಸ್ಟ್ರಾಟ್ ಪಿಕಪ್ 6ರ ಆಸುಪಾಸಿನಲ್ಲಿರುತ್ತದೆ. ಸುತ್ತು ಹೆಚ್ಚಾದಷ್ಟೂ ಚೂಪು ತಗ್ಗಿ ನಡುವಿನ ಸ್ವರಗಳು ತುಂಬಿಕೊಳ್ಳುತ್ತವೆ. ಉಳಿದ ಎರಡು ಪಿಕಪ್ ಹಳೆಯ ಮಾದರಿಯ ಸಾಧಾರಣ ಶಕ್ತಿಯವೇ ಸಾಕು.

ಈಗ ಪುಟ್ಟ ಸ್ವಿಚ್. ಪಿಕಪ್ ಆರಿಸುವ ಐದು ಸ್ಥಾನಗಳ ಮಾಮೂಲಿ ಸ್ವಿಚ್‌ನಲ್ಲಿ ನೆಕ್ ಮತ್ತು ಬ್ರಿಜ್ ಪಿಕಪ್‌ಗಳನ್ನು ಒಟ್ಟಿಗೆ ನುಡಿಸಲು ಆಗುವುದಿಲ್ಲ. ಗಿಲ್ಮೋರ್ ಅವರಿಗೆ ಅದು ಬೇಕಿತ್ತು. ಪಿಕ್‌ಗಾರ್ಡ್‌ನಲ್ಲಿ ಗುಂಡಿಗಳ ಬಳಿ ಕಾಲು ಇಂಚಿನ ರಂಧ್ರ ಕೊರೆಯಿರಿ. ಅಕ್ರಿಲಿಕ್ ಸೀಳುವ ವಸ್ತು, ಆದ್ದರಿಂದ ಮೊದಲು ಸಣ್ಣ ರಂಧ್ರ, ಆಮೇಲೆ ದೊಡ್ಡದು, ಡ್ರಿಲ್ ನಿಧಾನವಾಗಿ ತಿರುಗಲಿ. ಬೇಕಾದದ್ದು ಆನ್-ಆಫ್ ಮಿನಿ ಟಾಗಲ್. ಬೆಂಗಳೂರಿನ ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವಂಥದ್ದೇ. ನೆಕ್ ಪಿಕಪ್‌ನ ಸಿಗ್ನಲ್ ತಂತಿ ಐದು ಸ್ಥಾನದ ಸ್ವಿಚ್‌ಗೆ ಬೆಸೆದಿರುವ ಜಾಗದಿಂದ ಇನ್ನೊಂದು ತಂತಿ ತೆಗೆದು ಟಾಗಲ್‌ನ ಒಂದು ಕಾಲಿಗೆ ಬೆಸೆಯಿರಿ. ಇನ್ನೊಂದು ಕಾಲಿನಿಂದ ವಾಲ್ಯೂಮ್ ಪಾಟ್‌ನ (ಧ್ವನಿ ಹೆಚ್ಚುಕಡಿಮೆ ಮಾಡುವ ಗುಂಡಿಯ ಕೆಳಗಿನ ಭಾಗದ) ಇನ್‌ಪುಟ್ ಕಾಲಿಗೆ ಮತ್ತೊಂದು ತಂತಿ. ಅಷ್ಟೇ. ಟಾಗಲ್ ಹಾಕಿದರೆ ಐದರಲ್ಲಿ ಯಾವ ಸ್ಥಾನದಲ್ಲಿದ್ದರೂ ನೆಕ್ ಪಿಕಪ್ ಜೊತೆಗೂಡುತ್ತದೆ.

ಎರಡೂ ಒಟ್ಟಿಗೆ ಇದ್ದಾಗ ನಾದ ತೆಳುವಾಗಿ, ಟೊಳ್ಳಾಗಿ ಕೇಳಿದರೆ ಹೆದರಬೇಡಿ. ಬೇರೆ ಬೇರೆ ತಯಾರಕರ ಪಿಕಪ್‌ಗಳ ಸುರುಳಿಗಳು ಎದುರುಬದುರಾಗಿ ಕೆಲಸ ಮಾಡುತ್ತಿವೆ ಎಂದರ್ಥ. ಹೊಸ ಪಿಕಪ್‌ನ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ.

ಟ್ರೆಮೊಲೊ ಕಡ್ಡಿಯನ್ನು ಗಿಲ್ಮೋರ್ ಗಿಡ್ಡ ಮಾಡಿಕೊಂಡಿದ್ದಾರೆ. ಒಟ್ಟು ಉದ್ದ 4.25 ಇಂಚು. ಮೀಟುತ್ತಿರುವಾಗಲೇ ಅಂಗೈಯಲ್ಲಿ ಅದು ಕೂತಿರುತ್ತದೆ, ಸ್ವರದ ಕೊನೆಗೆ ಬರುವ ಆ ನಡುಕ ಅಲ್ಲಿಂದಲೇ ಬರುವುದು. ಕಡ್ಡಿಗೆ ಬಟ್ಟೆ ಸುತ್ತಿ ವೈಸ್‌ಗೆ ಬಿಗಿದು, ಬಿಳಿ ಟೊಪ್ಪಿ ಇರುವ ತುದಿಯ ಕಡೆಯಿಂದ ಲೋಹದ ಗರಗಸದಲ್ಲಿ ಕತ್ತರಿಸಿ. ತಿರುಪಿನ ಕಡೆ ಮುಟ್ಟಬೇಡಿ. ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಿ ಟೊಪ್ಪಿ ಮತ್ತೆ ಹಾಕಿ.

ತಂತಿಗಳ ದಪ್ಪ ಇಂಚಿನಲ್ಲಿ .010, .012, .016, .028, .038, .048. ಇವು ಬದಲಾದಾಗ ನೆಕ್ ಮೇಲಿನ ಎಳೆತವೂ ಬದಲಾಗುತ್ತದೆ, ಆದ್ದರಿಂದ ಒಂದೆರಡು ದಿನ ಬಿಟ್ಟು ನೆಕ್ ಬಾಗು, ತಂತಿಯ ಎತ್ತರ, ಶ್ರುತಿ ಮೂರನ್ನೂ ಮತ್ತೊಮ್ಮೆ ನೋಡಿ. ಸವೆತದ ಗುರುತುಗಳನ್ನು ಉಪ್ಪುಕಾಗದ ಹಿಡಿದು ಬರಿಸುವುದನ್ನು ನಾನು ಮಾಡಿಲ್ಲ, ಮಾಡಿ ಎಂದು ಹೇಳುವುದೂ ಇಲ್ಲ. ಅವರ ಗಿಟಾರ್ ಸವೆದದ್ದು ಅವರ ಮುಂಗೈ ತಾಗಿ ತಾಗಿ.

ಪಿಕ್‌ಗಾರ್ಡ್‌ನ ಹನ್ನೊಂದೂ ತಿರುಪು ಬಿಗಿಯುವ ಮೊದಲು ಗಿಟಾರನ್ನು ಆಂಪ್ಲಿಫೈಯರ್‌ಗೆ ಹಾಕಿ, ಧ್ವನಿ ಕಡಿಮೆ ಇಟ್ಟು, ಪ್ರತಿ ಪಿಕಪ್‌ನ ತಲೆಯನ್ನು ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಕುಟ್ಟಿ. ಸ್ವಿಚ್ ಬ್ರಿಜ್ ಕಡೆ ಇರಲಿ, ಟಾಗಲ್ ಹಾಕಿರಲಿ. ಬ್ರಿಜ್ ಪಿಕಪ್‌ನಲ್ಲಿ 'ಟಕ್' ಎಂದು ಕೇಳಬೇಕು, ನೆಕ್ ಪಿಕಪ್‌ನಲ್ಲೂ ಕೇಳಬೇಕು, ನಡುವಿನದರಲ್ಲಿ ಕೇಳಬಾರದು. ಹಾಗಾದರೆ ಬೆಸುಗೆ ಸರಿಯಿದೆ, ತಿರುಪು ಬಿಗಿಯಬಹುದು.