ಹಿಂದಿನಿಂದ ಗಾಡಿ ಗುದ್ದಿದ ಮೇಲೆ ಕುತ್ತಿಗೆ ನೋವು, ತಲೆನೋವು ಬಂದರೆ ಹೀಗೆ ಮಾಡಿ

ಶಿವಮೊಗ್ಗ-ತೀರ್ಥಹಳ್ಳಿ ರಸ್ತೆಯಲ್ಲಿ ದನ ಅಡ್ಡ ಬಂತು ಅಂತ ನೀವು ಬ್ರೇಕ್ ಹಾಕುತ್ತೀರಿ, ಹಿಂದಿನವರಿಗೆ ಮಳೆಯಲ್ಲಿ ಗಾಡಿ ನಿಲ್ಲುವುದಿಲ್ಲ. ಬಂಪರ್ ನುಜ್ಜಾಗಿದೆ, ರಕ್ತ ಬಂದಿಲ್ಲ, ‘ಏನೂ ಆಗಿಲ್ಲ ಬಿಡಿ’ ಅಂತ ಮನೆಗೆ ಬರುತ್ತೀರಿ. ಮಾರನೇ ದಿನ ಬೆಳಿಗ್ಗೆ ಕುತ್ತಿಗೆ ತಿರುಗುವುದಿಲ್ಲ, ತಲೆಯ ಹಿಂಭಾಗದಲ್ಲಿ ಹಿಡಿದ ನೋವು ಹಣೆ, ಕಣ್ಣಿನ ತನಕ ಬರುತ್ತದೆ. ಗುದ್ದಿದಾಗ ಸೀಟು ಮೈಯನ್ನು ಮುಂದಕ್ಕೆ ತಳ್ಳುತ್ತದೆ, ತಲೆ ಹಿಂದೆ ಉಳಿದು ಆಮೇಲೆ ರಪ್ಪಂತ ಮುಂದಕ್ಕೆ ಬರುತ್ತದೆ. ಕುತ್ತಿಗೆಯ ಸ್ನಾಯು, ಕೀಲುಗಳೆಲ್ಲ ಎಳೆದುಕೊಳ್ಳುತ್ತವೆ. ಡಾಕ್ಟರು ಇದಕ್ಕೆ ವಿಪ್‌ಲ್ಯಾಶ್ ಅನ್ನುತ್ತಾರೆ. ನೋವು ಒಂದೆರಡು ದಿನ ತಡವಾಗಿ ಬರುವುದು ಮಾಮೂಲು.

ಮನೆಮದ್ದಿಗಿಂತ ಮೊದಲು ಇದನ್ನು ನೋಡಿ. ಕೈಕಾಲು ಜೋಮು ಹಿಡಿಯುವುದು, ಬಲ ಇಲ್ಲದಿರುವುದು, ಕುತ್ತಿಗೆಯ ನಡುಮೂಳೆ ಮುಟ್ಟಿದರೆ ನೋವು, ಮೂತ್ರ ಕಟ್ಟುವುದು, ಮತ್ತೆಮತ್ತೆ ವಾಂತಿ, ಮಂಪರು, ತೊದಲು ಮಾತು, ಹೊತ್ತು ಹೋದಂತೆ ಜಾಸ್ತಿಯಾಗುವ ತಲೆನೋವು. ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರು, 65 ದಾಟಿದವರು ನೋವು ಕಡಿಮೆ ಇದ್ದರೂ ಅದೇ ದಿನ ತೋರಿಸಿಕೊಳ್ಳಿ. ಆಗುಂಬೆ ಕಡೆಯವರಂತೂ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರುವ ದಾರಿಯ ಹೊತ್ತನ್ನೂ ಲೆಕ್ಕ ಹಾಕಿ ಹೊರಡಿ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ಕಟಿಂಗ್ ಶಾಪಿನಲ್ಲಿ ತಲೆ ಹಿಡಿದು ‘ಲಟಕ್’ ಅಂತ ನೆಟಿಗೆ ತೆಗೆಸಿಕೊಳ್ಳಬೇಡಿ. ಎಣ್ಣೆ ಹಾಕಿ ಜೋರಾಗಿ ತಿಕ್ಕಿಸಿಕೊಳ್ಳುವುದೂ ಬೇಡ. ಮಿದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕುತ್ತಿಗೆಯ ಮೂಳೆಗಳ ರಂಧ್ರದೊಳಗಿಂದಲೇ ಹೋಗುತ್ತವೆ. ಗುದ್ದಿದ ಪೆಟ್ಟಿಗೆ ಆ ನಾಳಗಳ ಒಳಪದರಕ್ಕೆ ಏಟಾಗಿದ್ದರೆ, ತಿರುಚಿದಾಗ ಹರಿದು ಪಾರ್ಶ್ವವಾಯು ಆಗಬಹುದು. ಅಪರೂಪ ನಿಜ, ಆದರೆ ಹಾಗೇನಾದರೂ ಆಗಿಬಿಟ್ಟರೆ ಯಾರು ಹೊಣೆ?

ದೊಡ್ಡ ತೊಂದರೆ ಇಲ್ಲ ಅಂತ ಡಾಕ್ಟರು ಹೇಳಿದ ಮೇಲೆ ಕುತ್ತಿಗೆಯನ್ನು ಆಡಿಸಬೇಕು, ನೀವೇ, ನಿಧಾನಕ್ಕೆ. ಎಡಕ್ಕೆ ಬಲಕ್ಕೆ ತಿರುಗಿಸಿ, ಕಿವಿಯನ್ನು ಭುಜದ ಕಡೆ ವಾಲಿಸಿ, ಗದ್ದವನ್ನು ಹಿಂದಕ್ಕೆ ಎಳೆಯಿರಿ. ಒಂದೊಂದು ಐದಾರು ಸಲ, ದಿನಕ್ಕೆ ನಾಲ್ಕೈದು ಬಾರಿ, ನೋವು ಚುಚ್ಚುವವರೆಗೆ ಹೋಗಬೇಡಿ. ಡಾಕ್ಟರು ಹೇಳದೆ ಕಾಲರ್ ಪಟ್ಟಿ ಕಟ್ಟಿಕೊಂಡು ವಾರಗಟ್ಟಲೆ ಕೂತರೆ ಸ್ನಾಯು ಇನ್ನೂ ಬಿಗಿಯುತ್ತದೆ. ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸು ಹದಿನೈದು ನಿಮಿಷ ಇಡಿ, ಆಮೇಲೆ ಹಂಡೆಯ ಬಿಸಿನೀರು ಹಿತವಾಗಿರುತ್ತದೆ. ತಲೆನೋವಿಗೆ ಪ್ಯಾರಾಸಿಟಮಾಲ್ ಸಾಕು, ಆದರೆ ತಿಂಗಳಲ್ಲಿ ಹದಿನೈದು ದಿನ ಮಾತ್ರೆ ನುಂಗುತ್ತಿದ್ದರೆ ಮಾತ್ರೆಯೇ ತಲೆನೋವು ತರಬಹುದು.

ಎಕ್ಸ್‌ರೇ ನಾರ್ಮಲ್ ಬಂತು ಅಂದರೆ ನಿಮ್ಮ ನೋವು ಸುಳ್ಳು ಅಂತಲ್ಲ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಎಳೆದುಕೊಂಡ ಸ್ನಾಯು ಕಾಣುವುದಿಲ್ಲ. ಹೆಚ್ಚಿನವರಿಗೆ ವಾರಗಳಿಂದ ಎರಡು ಮೂರು ತಿಂಗಳಲ್ಲಿ ಕಡಿಮೆಯಾಗುತ್ತದೆ. ಆಗದಿದ್ದರೆ ಫಿಸಿಯೋಥೆರಪಿಗೆ ಹೋಗಿ.

ಅಡಿಕೆ ತೋಟದವರು ಜಾಸ್ತಿ ಹುಷಾರು. ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ದಿನವಿಡೀ ಕತ್ತೆತ್ತಿ ಗೊನೆ ನೋಡುತ್ತಾ ನಿಲ್ಲಬೇಕಲ್ವಾ, ಆ ಕೆಲಸವನ್ನು ಕೆಲವು ವಾರ ಬೇರೆಯವರಿಗೆ ಬಿಡಿ. ತಲೆಹೊರೆಯೂ ಬೇಡ.

ಮತ್ತೆ ಗಾಡಿ ಹತ್ತುವ ಮೊದಲು ಸೀಟಿನ ಹೆಡ್‌ರೆಸ್ಟ್ ಸರಿ ಮಾಡಿಕೊಳ್ಳಿ. ಎಷ್ಟೋ ಕಾರುಗಳಲ್ಲಿ ಅದು ಕೆಳಗೇ ಇಳಿದಿರುತ್ತದೆ, ಆಗ ಅದು ಕುತ್ತಿಗೆಯ ಹಿಂದೆ ಬರುತ್ತದೆ, ತಲೆಯನ್ನು ತಡೆಯುವುದಿಲ್ಲ. ಅದರ ಮೇಲಂಚು ನಿಮ್ಮ ನೆತ್ತಿಯ ಮಟ್ಟಕ್ಕೆ ಬರಲಿ, ತಲೆಗೂ ಅದಕ್ಕೂ ನಾಲ್ಕು ಬೆರಳಿಗಿಂತ ಹೆಚ್ಚು ಸಂದು ಇರದಿರಲಿ. ಹಿಂದಿನ ಸೀಟಿನದ್ದನ್ನೂ ಎತ್ತಿ ಇಡಿ.