ಬಡಾವಣೆಗೊಂದು ಭಕ್ತಿಪ್ರೇರಿತ ಕಲಾ ಸ್ಟುಡಿಯೊ: ಆರಂಭಿಸುವುದು ಹೇಗೆ?

ಹಬ್ಬ ಹತ್ತಿರವಾದಂತೆ ಬೆಂಗಳೂರಿನ ಪಾಟರಿ ಟೌನಿನ ಕುಂಬಾರ ಕುಟುಂಬಗಳು ಜೇಡಿಮಣ್ಣಿನ ಗಣೇಶನನ್ನು ತಿದ್ದಿ ತೀಡುತ್ತವೆ. ಸಿಲ್ವೆಪುರದಲ್ಲಿ ಕಲಾವಿದ ಜ್ಯೋತಿ ಸಾಹಿ ಅವರು ಕಟ್ಟಿದ ಕಲಾ ಆಶ್ರಮದಲ್ಲಿ ಕ್ರಿಸ್ತನ ಕಥೆ ಈ ನೆಲದ ರೇಖೆ, ಬಣ್ಣಗಳಲ್ಲಿ ಮೂಡಿತು. ಚೈತ್ರ ಪೌರ್ಣಮಿಯ ರಾತ್ರಿ ಧರ್ಮರಾಯಸ್ವಾಮಿ ದೇವಾಲಯದಿಂದ ಹೊರಡುವ ಕರಗ, ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ. ಇಂಥ ಊರಿನಲ್ಲಿ ಭಕ್ತಿಯಿಂದ ಹುಟ್ಟಿದ ಕಲೆಯನ್ನು ನೋಡುವವರಿಗೆ ಕೊರತೆಯಿಲ್ಲ. ಆದರೆ ಸಾಮಾನ್ಯ ಜನ ವಾರಕ್ಕೊಮ್ಮೆ ಬಂದು ಕುಂಚ ಹಿಡಿದು ಕೂರಬಹುದಾದ ಜಾಗಗಳು ತೀರ ಕಡಿಮೆ. ಅಂಥ ಜಾಗವೊಂದನ್ನು ಕಟ್ಟಲು ದೊಡ್ಡ ಬಂಡವಾಳ ಬೇಕಿಲ್ಲ, ದೊಡ್ಡ ಎಚ್ಚರ ಬೇಕು.

ಮೊದಲು ಬಡಾವಣೆಯ ಐದಾರು ಮನೆಯವರು ಒಟ್ಟಿಗೆ ಕುಳಿತು, ಸ್ಟುಡಿಯೊದ ಉದ್ದೇಶವನ್ನು ಒಂದು ಪುಟ ಮೀರದಂತೆ ಬರೆದುಕೊಳ್ಳಬೇಕು. ಇದು ಒಂದೇ ಮತದವರ ಕೂಟವೇ ಅಥವಾ ಎಲ್ಲರಿಗೂ ತೆರೆದ ಬಾಗಿಲೇ? ಎರಡೂ ಗೌರವದ ಆಯ್ಕೆಗಳೇ. ಯಾವುದೆಂಬುದು ಮಾತ್ರ ಬಾಗಿಲಿನ ಫಲಕದಲ್ಲಿಯೇ ಸ್ಪಷ್ಟವಾಗಿರಬೇಕು. ಹಲವು ಮತದವರು ಸೇರುವುದಾದರೆ, ಎಲ್ಲರಿಗೂ ಒಂದೇ ಪ್ರಾರ್ಥನೆಯನ್ನು ಹೊಂದಿಸಲು ಹೊರಡುವುದಕ್ಕಿಂತ ಕೆಲಸಕ್ಕೆ ಮುನ್ನ ಎರಡು ನಿಮಿಷ ಮೌನವಾಗಿರುವುದು ಮೇಲು. ತಮಗೆ ಒಪ್ಪದ ವಸ್ತುವನ್ನು ಚಿತ್ರಿಸಲು ನಿರಾಕರಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ ಎಂಬ ಸಾಲನ್ನು ಆ ಪುಟದಲ್ಲಿ ಸೇರಿಸಲು ಮರೆಯಬಾರದು.

ಎರಡನೆಯದಾಗಿ, ಯಾವ ಕಲೆಯಿಂದ ಆರಂಭ ಎಂಬುದನ್ನು ತೀರ್ಮಾನಿಸಬೇಕು. ಮೈಸೂರು ಶೈಲಿಯ ಚಿತ್ರಗಳ ಮೇಲೆ ಎಲ್ಲರಿಗೂ ಆಸೆ ಇರುತ್ತದೆ. ಆದರೆ ಉಬ್ಬು ಲೇಪದ ಮೇಲೆ ಚಿನ್ನದ ರೇಕು ಕೂರಿಸುವ ಆ ಕೆಲಸಕ್ಕೆ ಬಲ್ಲ ಗುರುಗಳೂ ತಿಂಗಳುಗಟ್ಟಲೆಯ ಅಭ್ಯಾಸವೂ ಅಗತ್ಯ. ಆದ್ದರಿಂದ ಆರಂಭಕ್ಕೆ ಮಣ್ಣಿನ ಕೆಲಸ, ಚುಕ್ಕಿ ರಂಗೋಲಿ, ಕೆಮ್ಮಣ್ಣು ಮತ್ತು ಅಕ್ಕಿಹಿಟ್ಟು ಬಳಸುವ ಮಲೆನಾಡಿನ ದೀವರ ಹಸೆ ಚಿತ್ತಾರ ಇವುಗಳಲ್ಲಿ ಒಂದೆರಡನ್ನು ಮಾತ್ರ ಆರಿಸಿಕೊಳ್ಳುವುದು ಒಳ್ಳೆಯದು. ಇಸ್ಲಾಮಿ ಪರಂಪರೆಯ ಜ್ಯಾಮಿತೀಯ ವಿನ್ಯಾಸಗಳಿಗೆ ಕೈವಾರ, ಅಳತೆಪಟ್ಟಿ, ಪೆನ್ಸಿಲ್ ಇದ್ದರೆ ಸಾಕು. ಒಂದು ಚುಕ್ಕಿಗಳ ಜಾಲದಿಂದ, ಇನ್ನೊಂದು ವೃತ್ತಗಳ ಜಾಲದಿಂದ ಬೆಳೆಯುವುದರಿಂದ, ಇವನ್ನೂ ಚುಕ್ಕಿ ರಂಗೋಲಿಯನ್ನೂ ಒಂದೇ ಮೇಜಿನ ಮೇಲೆ ಕಲಿಸಬಹುದು. ದಶಕಗಳಿಂದ ಬೆಳಗಿನ ಹೊತ್ತು ಅಂಗಳದಲ್ಲಿ ರಂಗೋಲಿ ಬಿಟ್ಟ ಗೃಹಿಣಿಯೇ ಇಲ್ಲಿ ಉತ್ತಮ ಶಿಕ್ಷಕಿಯಾಗಬಲ್ಲಳು. ಅವರಿಗೂ ಗೌರವಧನ ನೀಡಬೇಕು.

ಮೂರನೆಯ ಹಂತ ಸಾಮಗ್ರಿಯದು. ಶ್ರದ್ಧೆ ಎಂಬುದು ವಿಷಯದ ಆಯ್ಕೆಯಲ್ಲಿ ಎಷ್ಟು ಕಾಣುತ್ತದೆಯೋ ಬಳಸುವ ವಸ್ತುವಿನಲ್ಲಿಯೂ ಅಷ್ಟೇ ಕಾಣಬೇಕೆಂಬುದು ಈ ಲೇಖಕನ ದೃಢವಾದ ನಂಬಿಕೆ. ಮುಂಗುಸಿಯ ಕೂದಲಿನ ಕುಂಚಗಳನ್ನು ಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನೈಲಾನ್ ಕುಂಚಗಳು ಅಗ್ಗವೂ ಹೌದು, ಬಾಳಿಕೆಯೂ ಹೌದು. ಪ್ರಾಣಿಗಳ ಮೂಳೆ, ಚರ್ಮದಿಂದ ತಯಾರಾಗುವ ಅಂಟನ್ನು ಜೈನರೂ ಇತರ ಅನೇಕರೂ ಮುಟ್ಟಲಾರರು, ಹಾಗಾಗಿ ಮರದ ಗೋಂದನ್ನು ಇಟ್ಟುಕೊಳ್ಳಬೇಕು. ಉಬ್ಬು ಲೇಪಕ್ಕೆ ಹಿಂದೆ ಬಳಸುತ್ತಿದ್ದ ಸೀಸದ ಬಿಳುಪು ವಿಷಕಾರಿ. ಮಕ್ಕಳಿರುವ ಕೋಣೆಯೊಳಗೆ ಅದು ಬರಲೇಕೂಡದು, ಬದಲಿಗೆ ಸತುವಿನ ಬಿಳುಪು ಸಿಗುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಗಣೇಶನ ಮೂರ್ತಿಗಳನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ನಿಷೇಧಿಸಿರುವುದರಿಂದ ಮೂರ್ತಿಗಳಿಗೆ ಜೇಡಿಮಣ್ಣೇ ಗತಿ. ದಪ್ಪವಾಗಿ ಮಾಡಿದ ಮೂರ್ತಿ ಒಣಗುವಾಗ ಬಿರುಕು ಬಿಡುತ್ತದೆ, ಒಳಗೆ ಪೊಳ್ಳಾಗಿಸಿ ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ದೀಪ, ಹಣತೆಗಳನ್ನು ಸುಡಲು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖ ಬೇಕಾಗುವುದರಿಂದ, ಸ್ವಂತ ಗೂಡಿಗೆ ಹಣ ಸುರಿಯದೆ, ಗೂಡು ಇರುವ ಕುಂಬಾರರೊಂದಿಗೆ ಮಾತನಾಡಿಕೊಳ್ಳುವುದು ಜಾಣತನ; ಅವರಿಗೂ ನಾಲ್ಕು ಕಾಸು ಸಿಗುತ್ತದೆ.

ಜಾಗದ ವಿಚಾರಕ್ಕೆ ಬಂದರೆ, ತಿಂಗಳುಗಟ್ಟಲೆಯ ಬಾಡಿಗೆಯನ್ನು ಮುಂಗಡ ಕೇಳುವ ಈ ನಗರದಲ್ಲಿ ಆರಂಭದಲ್ಲಿಯೇ ಮಳಿಗೆ ಹಿಡಿಯುವುದು ಬೇಡ. ದೇವಸ್ಥಾನದ ಸಭಾಭವನ, ಚರ್ಚಿನ ಹಾಲ್, ಮಸೀದಿಯ ಓದುಕೋಣೆ ಅಥವಾ ಬಡಾವಣೆ ಸಂಘದ ಕಟ್ಟಡವನ್ನು ವಾರಕ್ಕೆ ಒಂದು ದಿನದ ಮಟ್ಟಿಗೆ ಲಿಖಿತ ಅನುಮತಿಯೊಂದಿಗೆ ಕೇಳಿ ಪಡೆಯಬಹುದು. ನೆಲ ಅಂತಸ್ತು, ಗಾಳಿ, ನಲ್ಲಿ, ಬೀಗ ಹಾಕುವ ಕಪಾಟು ಈ ನಾಲ್ಕು ಇದ್ದರೆ ಸಾಕು. ಮಣ್ಣಿನ ನೀರನ್ನು ಚರಂಡಿಗೆ ಸುರಿದರೆ ಪೈಪು ಕಟ್ಟಿಕೊಳ್ಳುತ್ತದೆ. ಬಕೆಟ್ಟಿನಲ್ಲಿ ರಾತ್ರಿಯಿಡೀ ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನು ಮಾತ್ರ ಹೊರಗೆ ಹಾಕಿ, ತಳದ ಮಣ್ಣನ್ನು ಮರಳಿ ಬಳಸಬೇಕು.

ಮಕ್ಕಳು ಬರುವುದಾದರೆ, ಕೋಣೆಯಲ್ಲಿ ಕನಿಷ್ಠ ಇಬ್ಬರು ಹಿರಿಯರು ಸದಾ ಇರಬೇಕು ಮತ್ತು ಕರೆದೊಯ್ಯುವವರ ಸಹಿ ಪುಸ್ತಕದಲ್ಲಿ ದಾಖಲಾಗಬೇಕು. 2012ರ ಪೋಕ್ಸೊ ಕಾಯ್ದೆಯಡಿ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯವೆಂಬುದು ಎಲ್ಲ ಶಿಕ್ಷಕರಿಗೂ ಗೊತ್ತಿರಬೇಕು.

ದೇಣಿಗೆ ಬರತೊಡಗಿದಾಗ ನೋಂದಣಿ ಅನಿವಾರ್ಯ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಸಂಘಕ್ಕೆ ಕನಿಷ್ಠ ಏಳು ಮಂದಿ ಬೇಕು; ಟ್ರಸ್ಟ್ ಆದರೆ ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು. ಯಾವ ದಾರಿ ಹಿಡಿದರೂ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು, ಇಬ್ಬರ ಸಹಿಯಿಲ್ಲದೆ ಹಣ ತೆಗೆಯಲಾಗದಂತೆ ಮಾಡುವುದು ಕ್ಷೇಮ.

ಹೆಚ್ಚಿನವರು ಯೋಚಿಸದೆ ಬಿಡುವ ವಿಷಯವೊಂದಿದೆ: ಅಪೂರ್ಣವಾದ, ಕೆಟ್ಟುಹೋದ ಕೃತಿಗಳನ್ನು ಏನು ಮಾಡುವುದು? ದೇವರ ಮುಖವಿರುವ ಅಪೂರ್ಣ ಚಿತ್ರವನ್ನಾಗಲಿ, ಕುರಾನಿನ ವಾಕ್ಯ ಬರೆದು ಕೆಟ್ಟ ಹಾಳೆಯನ್ನಾಗಲಿ ಕಸದ ಬುಟ್ಟಿಗೆ ಹಾಕುವಂತಿಲ್ಲ, ನೆಲದ ಮೇಲೆ ಕಾಲಿಗೆ ಸಿಗುವಂತೆ ಬಿಡುವಂತೆಯೂ ಇಲ್ಲ. ಇಂಥವಕ್ಕೆ ಎತ್ತರದ ಒಂದು ಪೆಟ್ಟಿಗೆ ಇಟ್ಟು, ಆಯಾ ಪರಂಪರೆಯ ಹಿರಿಯರ ಮಾತಿನಂತೆ ವರ್ಷಕ್ಕೊಮ್ಮೆ ವಿಲೇವಾರಿ ಮಾಡಬೇಕು. ಒಡೆದ ಹಸಿಮಣ್ಣಿನ ಮೂರ್ತಿಯನ್ನು ನೆನೆಸಿ ಮತ್ತೆ ಕಲಸಬಹುದು. ಯಾರಾದರೂ ಬೇಡವೆಂದರೆ ಆ ಮಣ್ಣನ್ನು ಗಿಡದ ಬುಡಕ್ಕೆ ಹಾಕಬಹುದು.

ಮಾರಾಟಕ್ಕೆ ಅವಸರ ಬೇಡ. ಕರ್ನಾಟಕ ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ ನಡೆಸುತ್ತಿರುವ ಚಿತ್ರಸಂತೆಗೆ ಮೊದಲ ವರ್ಷ ಎಲ್ಲರೂ ಒಟ್ಟಾಗಿ ನೋಡುಗರಾಗಿ ಹೋಗಿ, ಬೆಲೆ ಹೇಳುವ ರೀತಿ, ಚೌಕಟ್ಟು, ಜೋಡಣೆಗಳನ್ನು ಗಮನಿಸಿ ಬರಬೇಕು. ಮಾರುವ ಕಾಲ ಬಂದಾಗ, ಕೃತಿಯ ಬೆಲೆಯಲ್ಲಿ ಮಾಡಿದವರ ಪಾಲೆಷ್ಟು, ಸಾಮಗ್ರಿಯ ನಿಧಿಗೆ ಎಷ್ಟು ಎಂಬುದನ್ನು ಮೊದಲ ಚಿತ್ರ ಕೈಬಿಡುವ ಮುನ್ನವೇ ಬರೆದು, ಎಲ್ಲರ ಸಹಿ ಪಡೆದಿರಬೇಕು.